ಹದಿನಾರು

ಮೇಣದಲ್ಲಿ ಹೂತ ಗಂಟಲ ತುಣುಕು,
ಕಡಲೆಬೇಳೆಯಷ್ಟು.
ನಾಲ್ಕು ಮೈಕ್ರಾನಿನ ಹಾಳೆ ಸೀಳುತ್ತೇನೆ.
ಬಿಸಿನೀರ ಮೇಲೆ ಹಾಲಿನ ಕೆನೆಯಂತೆ ಬಿಚ್ಚಿಕೊಳ್ಳುತ್ತದೆ,
ಉಸಿರು ಬಿಗಿಹಿಡಿದು ಗಾಜಿಗೆ ಎತ್ತಿಕೊಳ್ಳುತ್ತೇನೆ.
ಸೀನಿದರೆ ಮುಗಿಯಿತು.

ಚೀಟಿಯಲ್ಲಿ: ಚೆಲುವಯ್ಯ, ಐವತ್ಮೂರು,
ಬಸ್ ಕಂಡಕ್ಟರ್. ಎಡ ಟಾನ್ಸಿಲ್.
ಕೆಳಗೆ ಡಾಕ್ಟರ ಕಾಗೆಕಾಲಿನ ಅಕ್ಷರದಲ್ಲಿ,
ಪಿ ಹದಿನಾರು ಮಾಡಿ.

ನನಗೆ ಹದಿನಾರು ಎಂದರೆ ಮೊದಲು ಊರು,
ಅಜ್ಜಿಯ ಊರು.
ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ
ಹದಿನಾರು ಹದಿನಾರು ಹದಿನಾರು ಎಂದು
ಉಸಿರು ಬಿಡದೆ ಕೂಗುತ್ತಿದ್ದ ಗಂಟಲುಗಳಲ್ಲಿ
ಇದೂ ಒಂದಿರಬಹುದು.
ಇರಲಿಕ್ಕಿಲ್ಲ. ಇದ್ದರೂ ಮೇಣಕ್ಕೆ ದನಿಯಿಲ್ಲ.

ಟೀ ಕುಡಿಯಲು ಹೊರಟಾಗೆಲ್ಲ
ಬೆಂಚಿನಿಂದೆದ್ದು ಅಡ್ಡ ಬರುತ್ತಾಳೆ ಸುಂದ್ರಮ್ಮ:
'ಎಲೆ ಅಡಿಕೆ ಮುಟ್ಟಿದೋರಲ್ಲ ಕಣವ್ವ,
ಬೀಡಿ ಸೇದೋರ್ನ ಬಸ್ಸಿಂದ ಇಳಿಸ್ಬುಡೋರು.
ಗಡ್ಡ ಕೆರ್ಕೊಳೋವಾಗ ಗಂಟು ಸಿಕ್ತು, ಅಷ್ಟೆಯ.
ನೋಡಕ್ಕೆ ಬಂದೋರೆಲ್ಲ ಏನ್ ಹಾಕ್ತಿದ್ದ ಅಂತ ಕೇಳ್ತವ್ರೆ.
ಎಲ್ಲಿಂದ ಬಂತವ್ವ ಇದು?'
ಅವನು ಟವೆಲು ಸುತ್ತಿದ ಕತ್ತು ತಿರುಗಿಸದೆ
ಎದುರು ಗೋಡೆಯ ಕ್ಯಾಲೆಂಡರು ನೋಡುತ್ತಾನೆ,
ಹೋದ ತಿಂಗಳದ್ದು.

ಹೇಳುವುದು ನನ್ನ ಕೆಲಸವಲ್ಲ.
ಇಪ್ಪತ್ತು ವರ್ಷದ ಹಿಂದಿನ ಯಾವುದೋ ಸುಖವಿರಬಹುದು.
ಇವಳೊಡನೆಯದೇ ಇರಬಹುದು.
ವೈರಸ್ಸು ಟಿಕೆಟ್ಟು ಹರಿದುಕೊಡುವುದಿಲ್ಲ,
ಹತ್ತಿದ ಸ್ಟಾಪು ಯಾವುದೆಂದು
ಎಲ್ಲೂ ಬರೆದಿರುವುದಿಲ್ಲ.

ಕುಕ್ಕರಿನಲ್ಲಿ ಬೇಯಿಸುತ್ತೇನೆ. ನಗಬೇಡಿ,
ದೇವರಾಜ ಮಾರ್ಕೆಟ್ಟಿನ ಪಕ್ಕ ಕೊಂಡದ್ದು,
ಐದು ಲೀಟರಿನದು.
ಫಾರ್ಮಲಿನ್ನಿಗೆ ಮುಸುಕೆಳೆದುಕೊಂಡ ಪ್ರೋಟೀನುಗಳು
ಆವಿ ಬಡಿದ ಮೇಲೆ ಮುಖ ತೋರಿಸುತ್ತವೆ.

ಪ್ರತಿ ಜೀವಕೋಶಕ್ಕೂ ಒಬ್ಬ ಹದಿನಾರು ಇದ್ದಾನೆ,
ಓಟ ಹೆಚ್ಚಾದಾಗ ಎದ್ದು
ಸಾಕು, ನಿಲ್ಲಿಸು ಎಂದು ಸೀಟಿ ಊದುವವನು.
ಸೀಟಿ ಕೇಳಿ ಬ್ರೇಕು ಒತ್ತುವವನು ಇನ್ನೊಬ್ಬ.
ವೈರಸ್ಸು ಸೀಟಿಯ ತಂಟೆಗೇ ಹೋಗುವುದಿಲ್ಲ,
ಬ್ರೇಕಿನವನನ್ನು ಎತ್ತಿ ಆಚೆ ಎಸೆಯುತ್ತದೆ.
ಚಾಮುಂಡಿ ಬೆಟ್ಟದ ಇಳಿಜಾರು, ಬಸ್ಸು ತುಂಬಾ ಜನ.
ಇವನು ಊದುತ್ತಾನೆ. ಮತ್ತೆ ಊದುತ್ತಾನೆ.
ಒಬ್ಬನಿದ್ದಲ್ಲಿ ನೂರು ಮಂದಿ ಎದ್ದು ಊದುತ್ತಾರೆ,
ಒತ್ತುವ ಕಾಲೇ ಇಲ್ಲ.
ಊದಿ ಊದಿ ಸೋತ ಆ ಸದ್ದು
ನನ್ನ ಗಾಜಿನ ಮೇಲೆ ಬಣ್ಣವಾಗುತ್ತದೆ.

ಹನಿ ಬಿಟ್ಟು ಗಡಿಯಾರ ನೋಡುತ್ತೇನೆ.
ಮೊದಲು ಏನಿಲ್ಲ. ಆಮೇಲೆ ಅಂಚಿನಿಂದ,
ಮಂಡ್ಯದ ಆಲೆಮನೆಯಲ್ಲಿ ಪಾಕ ತಿರುಗುವ ಹಾಗೆ,
ಕಂದು. ಇಡೀ ತುಣುಕು ಕಂದು.

ಅದೇ ಟ್ರೇಯಲ್ಲಿ ಪಾಂಡವಪುರದ ಕೆಂಪಾಜಮ್ಮನ ದವಡೆ,
ಹೊಗೆಸೊಪ್ಪು ಕಚ್ಚಿಕೊಂಡೇ ಮಲಗುತ್ತಿದ್ದವಳು.
ಅವಳ ಗಾಜು ಬರೀ ನೀಲಿ.
ಅಲ್ಲಿ ಸೀಟಿಯವನನ್ನೇ ಎಂದೋ ನಡುದಾರಿಯಲ್ಲಿ
ಇಳಿಸಿಬಿಟ್ಟಿದ್ದಾರೆ.
ಎರಡೂ ಗಾಜು ತೂಕದಲ್ಲಿ ಒಂದೇ.

ಡಾಕ್ಟರ್ ಮಿಸ್ಬಾ ಲೆನ್ಸಿನಿಂದ ಕಣ್ಣೆತ್ತದೆ
'ನೂರಕ್ಕೆ ತೊಂಬತ್ತು. ಒಳ್ಳೇದಾಯ್ತು' ಅಂದರು.
ಒಳ್ಳೇದು! ಈ ಕೋಣೆಯ ಭಾಷೆ ಇಂಥದ್ದು.
ವೈರಸ್ಸು ತಂದ ಗಡ್ಡೆ ಕಿರಣಕ್ಕೆ ಬೇಗ ಬಗ್ಗುತ್ತದೆ ಅಂತ,
ಬಹಳ ಮಂದಿ ಮನೆಗೆ ಹೋಗುತ್ತಾರೆ ಅಂತ.
ಕೆಂಪಾಜಮ್ಮನ ಗಾಜಿಗೆ ಅವರು ಏನೂ ಅನ್ನಲಿಲ್ಲ.

ಕವರು ಕೊಡುವಾಗ ಸುಂದ್ರಮ್ಮ ಕೈ ಬಿಡಲಿಲ್ಲ.
'ಏನ್ ಬಣ್ಣ ಬಂತವ್ವ?'
ಕಂದು, ಅಂದೆ. ಅನ್ನಬಾರದಿತ್ತು.
'ಕಂದು ಅಂದ್ರೆ ಕೆಟ್ಟದ್ದಾ?'
ಇವರಿಗಲ್ಲ, ಅಂದೆ.
ಎಲ್ಲಿಂದ ಬಂತು ಎಂದು ಅವಳು ಮತ್ತೆ ಕೇಳಲಿಲ್ಲ.
ಅವನು ಮಾತ್ರ ಮೊದಲ ಸಲ, ಕತ್ತಿನ ಬದಲು ಇಡೀ ಮೈ ತಿರುಗಿಸಿ
ಅವಳನ್ನು ನೋಡಿದ.

ಸಂಜೆ ಕುಕ್ಕರು ತೊಳೆದು ಬೋರಲು ಹಾಕಿ ಬಂದೆ.
ಸ್ಟ್ಯಾಂಡಿನಲ್ಲಿ ಮೀಸೆ ಮೂಡದ ಹುಡುಗನೊಬ್ಬ
ಬಾಗಿಲಿಗೆ ಜೋತು ಕೂಗುತ್ತಿದ್ದ,
ಹದಿನಾರು ಹದಿನಾರು ಹದಿನಾರು.
ನನ್ನ ಬಸ್ಸಲ್ಲ.
ಅದು ಹೊರಡುವವರೆಗೂ ನಿಂತಿದ್ದೆ.